ಡಿಕ್ಸನ್ ಸಲಾಮಿನಿಂದ ಟೇಪಿನ ಬೀಪ್‌ವರೆಗೆ: ಬ್ರಿಟಿಷ್ ಟಿವಿಯ ಪೊಲೀಸ್ ಕಥೆಗಳು

ಜಾರ್ಜ್ ಡಿಕ್ಸನ್ ಎಂಬ ಕಾನ್‌ಸ್ಟೇಬಲ್ 1950ರಲ್ಲಿ ಗುಂಡೇಟು ತಿಂದು ಸತ್ತ. 'ದಿ ಬ್ಲೂ ಲ್ಯಾಂಪ್' ಎಂಬ ಸಿನಿಮಾದಲ್ಲಿ. ರಿಟೈರ್ ಆಗುವ ದಿನ ಹತ್ತಿರವಿತ್ತು. ಪಿಸ್ತೂಲು ಹಿಡಿದ ಪುಂಡ ಹುಡುಗನೊಬ್ಬನ ಎದುರು ಬರಿಗೈಯಲ್ಲಿ ನಡೆದು ಹೋದ, ಹುಡುಗ ಗುಂಡು ಹಾರಿಸಿಬಿಟ್ಟ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1955ರ ಜುಲೈನಲ್ಲಿ ಅದೇ ಡಿಕ್ಸನ್ ಬಿಬಿಸಿ ಟಿವಿಯಲ್ಲಿ ಎದ್ದು ಬಂದ. ಅದೇ ಹೆಸರು, ಅದೇ ನಟ ಜ್ಯಾಕ್ ವಾರ್ನರ್. 'ಡಿಕ್ಸನ್ ಆಫ್ ಡಾಕ್ ಗ್ರೀನ್' ಎಂಬ ಆ ಧಾರಾವಾಹಿ 1976ರವರೆಗೆ ಓಡಿತು. ಮುಗಿಯುವ ಹೊತ್ತಿಗೆ ವಾರ್ನರ್ ಅವರಿಗೆ 80 ವರ್ಷ. ಯಾವ ಊರಿನಲ್ಲಿ 80ರ ಅಜ್ಜ ಪೊಲೀಸ್ ಠಾಣೆಯಲ್ಲಿ ಕೆಲಸ ಮಾಡುತ್ತಾನೆ? ಆದರೂ ಜನ ನೋಡಿದರು. ಅವನು ಬೇಕಾಗಿದ್ದ.

ಪ್ರತಿ ಕಂತಿನ ಶುರುವಿನಲ್ಲಿ ಡಿಕ್ಸನ್ ಠಾಣೆಯ ನೀಲಿ ದೀಪದ ಕೆಳಗೆ ನಿಲ್ಲುತ್ತಿದ್ದ. ಹೆಲ್ಮೆಟ್ಟಿಗೆ ಬೆರಳು ತಾಗಿಸಿ ಸಲಾಮು ಮಾಡಿ, ನೇರ ನಮ್ಮನ್ನೇ ನೋಡುತ್ತಾ ಎಲ್ಲರಿಗೂ ಶುಭ ಸಂಜೆ ಹೇಳುತ್ತಿದ್ದ. ಆಮೇಲೆ ಕಥೆ: ಸಣ್ಣ ಕಳ್ಳತನ, ಮನೆ ಬಿಟ್ಟು ಓಡಿದ ಹುಡುಗ, ಗಂಡ ಹೆಂಡತಿ ಜಗಳ. ಕೊನೆಗೆ ಮತ್ತೆ ಬಂದು, ಸಿಕ್ಕಿಬಿದ್ದವನಿಗೆ ಏನಾಯಿತು ಅಂತ ಹೇಳಿ ಎರಡು ಬುದ್ಧಿಮಾತು. ಅವನು ಹೇಳಿದ್ದೇ ಸತ್ಯ. ಅದಕ್ಕೆ ಸಾಕ್ಷಿ ಬೇಕು ಅಂತ ನೋಡುವವರಿಗೆ ಅನ್ನಿಸುತ್ತಲೇ ಇರಲಿಲ್ಲ.

ಬ್ರಿಟನ್ನಿನ ಪೊಲೀಸ್ ಧಾರಾವಾಹಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಳ್ಳರೂ ಕೊಲೆಗಾರರೂ ಅಷ್ಟೇನೂ ಬದಲಾದಂತೆ ಕಾಣುವುದಿಲ್ಲ. ಒಂದು ಪ್ರಶ್ನೆಗೆ ಸಿಗುವ ಉತ್ತರ ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಗುತ್ತಾ ಬಂದಿದೆ: ಪೊಲೀಸಿನವನು ಹೇಳಿದ ಮಾತನ್ನು ನಂಬಬಹುದಾ?

ಎರಡು ದೇಶ, ಎರಡು ಪೊಲೀಸ್

ಇದು ಅವರಿಗೆ ಯಾಕೆ ಇಷ್ಟು ದೊಡ್ಡ ಪ್ರಶ್ನೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಶುರುವಾಗಿದ್ದು 1829ರಲ್ಲಿ, ಗೃಹ ಸಚಿವ ರಾಬರ್ಟ್ ಪೀಲ್ ಅವರ ಕಾಲದಲ್ಲಿ. ಜನರಿಗೆ ಪೊಲೀಸ್ ಅಂದರೆ ಭಯ, ಅನುಮಾನ. ಸರ್ಕಾರ ನಮ್ಮ ಬೀದಿಗೆ ಸೈನ್ಯ ನುಗ್ಗಿಸುತ್ತಿದೆ ಅಂದುಕೊಂಡರು. ಅದಕ್ಕೇ ಸೈನಿಕರ ಕೆಂಪು ಬಿಟ್ಟು ನೀಲಿ ಕೋಟು ಕೊಟ್ಟರು, ಬಂದೂಕು ಕೊಡಲಿಲ್ಲ. ಪೊಲೀಸರ ಬಲ ಜನರ ಒಪ್ಪಿಗೆಯಿಂದ ಬರುತ್ತದೆ ಎಂಬ ಮಾತು ಕಾಲಕ್ರಮದಲ್ಲಿ ಅಲ್ಲಿನ ಪೊಲೀಸರ ಹೆಮ್ಮೆಯಾಯಿತು. ಡಿಕ್ಸನ್ ಆ ಮಾತಿಗೆ ಕೈಕಾಲು ಬಂದ ಹಾಗೆ ಇದ್ದ.

ನಮಗೆ ಬಂದಿದ್ದು ಆ ಪೊಲೀಸ್ ಅಲ್ಲ. ಭಾರತದ 1861ರ ಪೊಲೀಸ್ ಕಾಯ್ದೆಯ ಹಿಂದೆ ಇದ್ದ ಮಾದರಿ ಹೆಚ್ಚಾಗಿ ಐರ್ಲೆಂಡಿನದು. ಅಲ್ಲಿನ ಪೊಲೀಸರ ಕೈಯಲ್ಲಿ ಬಂದೂಕು ಇತ್ತು, ವಾಸ ಬ್ಯಾರಕ್ಕಿನಲ್ಲಿ, ಉತ್ತರ ಕೊಡಬೇಕಾದ್ದು ಸರ್ಕಾರಕ್ಕೆ. ಆಳಿಸಿಕೊಳ್ಳುವ ಜನರಿಗೆ ಮಾಡಿದ ಪೊಲೀಸ್ ಅದು.

ಇಲ್ಲೊಂದು ತಮಾಷೆಯಿದೆ. 1872ರಲ್ಲಿ ಬ್ರಿಟಿಷರು ನಮಗಾಗಿ ಸಾಕ್ಷ್ಯ ಕಾಯ್ದೆ ಬರೆದಾಗ 25ನೇ ಸೆಕ್ಷನ್‌ನಲ್ಲಿ ಒಂದು ಮಾತು ಸೇರಿಸಿದರು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ತಾವೇ ಕಟ್ಟಿದ ಇಲ್ಲಿನ ಪೊಲೀಸರನ್ನು ಅವರು ಅಷ್ಟರ ಮಟ್ಟಿಗೆ ನಂಬಿದ್ದರು! ಆದರೆ ತಮ್ಮ ದೇಶದಲ್ಲಿ ಹಾಗೆ ಮಾಡಲಿಲ್ಲ. ಇಂಗ್ಲೆಂಡಿನಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡಿದ್ದು, ಬಲವಂತ ಇಲ್ಲದೆ ಹೇಳಿದ್ದಾದರೆ, ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಹಾಗಾಗಿ ಠಾಣೆಯ ಆ ಸಣ್ಣ ಕೋಣೆಯಲ್ಲಿ ಏನು ನಡೆಯಿತು, ಯಾರು ಬರೆದುಕೊಂಡರು ಎಂಬುದರ ಮೇಲೆ ಒಬ್ಬನ ಇಡೀ ಜೀವನ ನಿಂತಿರುತ್ತದೆ. ನಮ್ಮ ಸಿನಿಮಾಗಳಲ್ಲಿ ವಿಚಾರಣೆ ಅಂದರೆ ಲಾಠಿ, ನೇತಾಡುವ ಬಲ್ಬು. ಅವರ ಧಾರಾವಾಹಿಗಳಲ್ಲಿ ಮೇಜು, ಟೇಪ್ ರೆಕಾರ್ಡರ್, ಪಕ್ಕದಲ್ಲಿ ವಕೀಲ. ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಇದೇ.

ಕಾರಿನೊಳಗೆ ಕೂತ ಪೊಲೀಸ್

ಡಿಕ್ಸನ್ ಇನ್ನೂ ನಡೆದುಕೊಂಡು ಬೀಟ್ ಸುತ್ತುತ್ತಿದ್ದಾಗಲೇ, 1962ರ ಜನವರಿಯಲ್ಲಿ, ಅದೇ ಬಿಬಿಸಿಯಲ್ಲಿ 'ಝಡ್ ಕಾರ್ಸ್' ಬಂತು. ಬರೆದವರು ಟ್ರಾಯ್ ಕೆನಡಿ ಮಾರ್ಟಿನ್. ಗದ್ದಕಟ್ಟು ಆಗಿ ಹಾಸಿಗೆ ಹಿಡಿದಿದ್ದಾಗ ಹೊತ್ತು ಕಳೆಯಲು ಪೊಲೀಸರ ರೇಡಿಯೊ ಮಾತುಕತೆ ಕೇಳುತ್ತಿದ್ದರಂತೆ. ಅಲ್ಲಿ ಕೇಳಿದ್ದಕ್ಕೂ ಟಿವಿಯ ಡಿಕ್ಸನ್‌ಗೂ ಸಂಬಂಧವೇ ಇರಲಿಲ್ಲ.

ಕಥೆ ನಡೆಯುವ ನ್ಯೂಟೌನ್ ಕಲ್ಪನೆಯ ಊರು. ಹಿಂದೆ ಇದ್ದದ್ದು ಲಿವರ್‌ಪೂಲ್ ಪಕ್ಕದ ಕರ್ಕ್‌ಬಿ. ಯುದ್ಧ ಮುಗಿದ ಮೇಲೆ ಲಿವರ್‌ಪೂಲಿನ ಹಳೆಯ ಕೊಳೆಗೇರಿಗಳನ್ನು ಒಡೆದು ಸಾವಿರಾರು ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದ್ದರು. ಹೊಸ ಮನೆ ಸಿಕ್ಕಿತು, ಅಕ್ಕಪಕ್ಕದವರು ಹೋದರು. ಅಂಥ ಕಡೆ ಡಿಕ್ಸನ್ ಥರ ಎಲ್ಲರ ಹೆಸರು ಗೊತ್ತಿರುವ ಪೊಲೀಸ್ ಎಲ್ಲಿಂದ ಬರಬೇಕು? ಬಂದಿದ್ದು ಫೋರ್ಡ್ ಝೆಫರ್ ಕಾರಿನಲ್ಲಿ ಓಡಾಡುವ ಜೋಡಿ ಪೊಲೀಸರು. ಫುಟ್‌ಪಾತಿನಿಂದ ಕಾರಿಗೆ ಹತ್ತಿದ್ದು ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಈಗ ಪೊಲೀಸನಿಗೂ ಜನರಿಗೂ ನಡುವೆ ಒಂದು ಕಿಟಕಿ ಗಾಜು ಬಂದಿತ್ತು. ಅವನು ಮಾತಾಡುವುದು ಹೆಚ್ಚಾಗಿ ಪಕ್ಕದಲ್ಲಿ ಕೂತ ಇನ್ನೊಬ್ಬ ಪೊಲೀಸ್ ಜೊತೆ.

ಆ ಮಾತೂ ಸಭ್ಯವಾಗಿರಲಿಲ್ಲ. ಈ ಪೊಲೀಸರು ಜೂಜಾಡುತ್ತಾರೆ, ಬೈಯುತ್ತಾರೆ. ಒಬ್ಬನ ಹೆಂಡತಿಯ ಕಣ್ಣು ಕಪ್ಪಾಗಿದೆ, ಹೊಡೆದವನು ಅವನೇ. ಲಂಕಾಶೈರ್ ಪೊಲೀಸ್ ಮುಖ್ಯಸ್ಥರು ಬಿಬಿಸಿಗೆ ದೂರು ಕೊಟ್ಟರು. ಮೊದಲಿಗೆ ಸಹಕಾರ ಕೊಟ್ಟಿದ್ದು ಇದೇ ಲಂಕಾಶೈರ್ ಪೊಲೀಸರು ಅಂತ ಮರೆಯಬಾರದು. ಮುಂದಿನ ಅರವತ್ತು ವರ್ಷದಲ್ಲಿ ಇದು ಮತ್ತೆ ಮತ್ತೆ ನಡೆಯಿತು.

ಆದರೆ ಜನ ಟಿವಿ ಆರಿಸಲಿಲ್ಲ. ಆ ಕಂತುಗಳನ್ನು ಸ್ಟುಡಿಯೊದಿಂದ ನೇರ ಪ್ರಸಾರ ಮಾಡುತ್ತಿದ್ದರು. ನಿಂತಿರುವ ಕಾರಿನ ಹಿಂದೆ ಪರದೆಯ ಮೇಲೆ ರಸ್ತೆ ಓಡುತ್ತಿತ್ತು, ನಟರು ಸುಮ್ನೆ ಸ್ಟೀರಿಂಗ್ ತಿರುಗಿಸುತ್ತಿದ್ದರು. ಅಷ್ಟಾದರೂ ನಿಜವೆನ್ನಿಸಿದ್ದು ಉತ್ತರ ಇಂಗ್ಲೆಂಡಿನ ಮಾತಿನ ಧಾಟಿಯಿಂದ, ಸುಸ್ತಾದ ಮುಖಗಳಿಂದ. ಪೊಲೀಸನೂ ನಮ್ಮ ಹಾಗೆ ಕೂಲಿ ಮಾಡುವವನೇ, ಅವನ ಮನೆಯಲ್ಲೂ ರಂಪ ಇದೆ ಅಂತ ಟಿವಿ ಇಷ್ಟು ಗಟ್ಟಿಯಾಗಿ ಹೇಳಿದ್ದು ಹೊಸದು.

ರೀಗನ್ ಹೊಡೆದ, ನಾವು ಚಪ್ಪಾಳೆ ತಟ್ಟಿದೆವು

ಟ್ರಾಯ್ ಅವರ ತಮ್ಮ ಇಯಾನ್ ಕೆನಡಿ ಮಾರ್ಟಿನ್. ಅವರು ಸೃಷ್ಟಿಸಿದ 'ದಿ ಸ್ವೀನಿ' 1975ರಿಂದ 1978ರವರೆಗೆ ಐಟಿವಿ ಎಂಬ ಖಾಸಗಿ ಚಾನೆಲ್ಲಿನಲ್ಲಿ ಬಂತು. ದರೋಡೆಕೋರರನ್ನು ಹಿಡಿಯುವ ಲಂಡನ್ನಿನ ಫ್ಲೈಯಿಂಗ್ ಸ್ಕ್ವಾಡಿಗೆ ಅಲ್ಲಿನ ಬೀದಿ ಭಾಷೆಯಲ್ಲಿ ಇದ್ದ ಹೆಸರು ಅದು. ಸ್ಟುಡಿಯೊ ಬಿಟ್ಟು, 16 ಎಂಎಂ ಕ್ಯಾಮೆರಾ ಹಿಡಿದು, ಪಾಳುಬಿದ್ದ ಹಡಗುಕಟ್ಟೆ, ಗೋದಾಮು, ಕೆಸರು ಬೀದಿಗಳಿಗೆ ಹೋದರು. ಜಾನ್ ಥಾ ಮಾಡಿದ ಜ್ಯಾಕ್ ರೀಗನ್ ಕುಡಿಯುತ್ತಾನೆ, ಹೊಡೆಯುತ್ತಾನೆ, ಹೆದರಿಸಿ ಬಾಯಿ ಬಿಡಿಸುತ್ತಾನೆ. ಮೇಲಧಿಕಾರಿಗಳನ್ನು ಕಂಡರೆ ಆಗದು. ನಿಯಮ ಮುರಿದರೂ ಕೊನೆಗೆ ಅವನ ಲೆಕ್ಕ ಸರಿಯಾಗುತ್ತದೆ, ಹಿಡಿದವನು ನಿಜವಾಗಿಯೂ ಕಳ್ಳನೇ ಆಗಿರುತ್ತಾನೆ. ನಮ್ಮ ಕಡೆಯ 'ಖಡಕ್ ಆಫೀಸರ್' ಸಿನಿಮಾಗಳನ್ನು ನೋಡಿ ಬೆಳೆದವರಿಗೆ ರೀಗನ್ ಹೊಸಬನಲ್ಲ.

ಟಿವಿಯ ಹೊರಗೆ ಲೆಕ್ಕ ಬೇರೆ ಇತ್ತು. 1972ರಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಆದ ರಾಬರ್ಟ್ ಮಾರ್ಕ್ ಲಂಚಕೋರ ಡಿಟೆಕ್ಟಿವ್‌ಗಳ ಹಿಂದೆ ಬಿದ್ದರು. ಅವರ ಐದು ವರ್ಷಗಳಲ್ಲಿ ವಜಾ ಆದವರು, ತಾವಾಗಿ ಬಿಟ್ಟು ಹೋದವರು ಸೇರಿ ಐನೂರರ ಹತ್ತಿರ. 1977ರಲ್ಲಿ, ರೀಗನ್ ಟಿವಿಯಲ್ಲಿ ಜನಪ್ರಿಯತೆಯ ತುದಿಯಲ್ಲಿದ್ದಾಗಲೇ, ನಿಜವಾದ ಫ್ಲೈಯಿಂಗ್ ಸ್ಕ್ವಾಡಿನ ಮಾಜಿ ಮುಖ್ಯಸ್ಥ ಕೆನೆತ್ ಡ್ರೂರಿ ಲಂಚದ ಕೇಸಿನಲ್ಲಿ ಜೈಲಿಗೆ ಹೋದರು. ಅಶ್ಲೀಲ ಪುಸ್ತಕಗಳ ವ್ಯಾಪಾರಿಯೊಬ್ಬನ ಜೊತೆ ಸೈಪ್ರಸ್‌ಗೆ ರಜೆ ಹೋಗಿದ್ದು ಬಯಲಾಗಿತ್ತು.

1978ರಲ್ಲಿ ಬಿಬಿಸಿ ಜಿ. ಎಫ್. ನ್ಯೂಮನ್ ಬರೆದ 'ಲಾ ಅಂಡ್ ಆರ್ಡರ್' ಎಂಬ ನಾಲ್ಕು ಭಾಗಗಳ ನಾಟಕ ಹಾಕಿತು. ಒಂದೇ ಕಥೆ: ಮೊದಲು ಡಿಟೆಕ್ಟಿವ್ ಕಡೆಯಿಂದ, ಆಮೇಲೆ ಕಳ್ಳ, ವಕೀಲ, ಕೈದಿ. ಪೈಲ್ ಎಂಬ ಡಿಟೆಕ್ಟಿವ್, ಲಿನ್ ಎಂಬ ಹಳೆಯ ಕಳ್ಳನನ್ನು ಅವನು ಮಾಡದ ದರೋಡೆಯಲ್ಲಿ ಸಿಕ್ಕಿಸುತ್ತಾನೆ. ಕೋಪವಿಲ್ಲ, ಕೂಗಾಟವಿಲ್ಲ. ಆಫೀಸಿನ ಮಾಮೂಲಿ ಕೆಲಸದ ಹಾಗೆ ಸಾಕ್ಷಿ ತಯಾರಾಗುತ್ತದೆ. ಆರೋಪಿ ಹೇಳದ ಮಾತನ್ನು ಹೇಳಿದನೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಕ್ಕೆ ಲಂಡನ್ ಪೊಲೀಸರಲ್ಲಿ 'ವರ್ಬಲ್' ಮಾಡೋದು ಅನ್ನುತ್ತಿದ್ದರು. ನಾಟಕಕ್ಕೆ ದೊಡ್ಡ ಗಲಾಟೆಯಾಯಿತು, ಸಂಸತ್ತಿನವರೆಗೂ ಹೋಯಿತು. ಕೆಲಕಾಲ ಬಿಬಿಸಿಗೆ ಜೈಲುಗಳೊಳಗೆ ಚಿತ್ರೀಕರಣಕ್ಕೆ ಬಾಗಿಲು ಮುಚ್ಚಿತು. ನನ್ನ ಮಟ್ಟಿಗೆ ಬ್ರಿಟಿಷ್ ಟಿವಿಯ ಪೊಲೀಸ್ ಕಥೆಗಳಲ್ಲಿ ಅತಿ ಧೈರ್ಯದ್ದು ಇದೇ. ಇಂದು ನೋಡಿದರೂ ಮೈ ತಣ್ಣಗಾಗುತ್ತದೆ, ಯಾಕೆಂದರೆ ಅದರಲ್ಲಿ ಒಳ್ಳೆಯವರೇ ಇಲ್ಲ.

ಟೇಪ್ ರೆಕಾರ್ಡರ್ ಬಂದ ಕಥೆ

ಈ ಹೊತ್ತಿಗೆ ಒಂದು ನಿಜವಾದ ಕೇಸು ಕಾನೂನನ್ನೇ ಅಲ್ಲಾಡಿಸಿತ್ತು. 1972ರಲ್ಲಿ ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೆಯ್ಟ್ ಎಂಬುವರ ಕೊಲೆಯಾಯಿತು. ಮೂವರು ಹುಡುಗರು ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರು. ಒಬ್ಬನಿಗೆ ಬುದ್ಧಿಬೆಳವಣಿಗೆ ಕಡಿಮೆ, ಇನ್ನೊಬ್ಬನಿಗೆ ಬರೀ 14 ವರ್ಷ. ವಿಚಾರಣೆಯ ಹೊತ್ತಲ್ಲಿ ಪಕ್ಕದಲ್ಲಿ ವಕೀಲರಿರಲಿಲ್ಲ. ಆ ಒಪ್ಪಿಗೆಗಳು ಸುಳ್ಳು ಅಂತ ಗೊತ್ತಾಗಿ 1975ರಲ್ಲಿ ಶಿಕ್ಷೆ ರದ್ದಾಯಿತು. ವಿಚಾರಣಾ ಆಯೋಗ, ಅದರ ಮೇಲೆ ರಾಯಲ್ ಕಮಿಷನ್, ಕೊನೆಗೆ 1984ರಲ್ಲಿ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ. ಅಲ್ಲಿ ಎಲ್ಲರೂ ಅದನ್ನು 'ಪೇಸ್' ಅನ್ನುತ್ತಾರೆ.

ಪೇಸ್ ಮಾಡಿದ್ದು ಇಷ್ಟು. ಬಂಧಿಸಿದವನ ಜವಾಬ್ದಾರಿ ತನಿಖೆಗೆ ಸಂಬಂಧವಿಲ್ಲದ ಕಸ್ಟಡಿ ಅಧಿಕಾರಿಯದು. ಸಾಮಾನ್ಯವಾಗಿ 24 ಗಂಟೆಯೊಳಗೆ ಆರೋಪ ಹೊರಿಸಬೇಕು, ಇಲ್ಲವೇ ಬಿಡಬೇಕು. ಗಂಭೀರ ಕೇಸಾದರೆ ಮೇಲಿನವರ ಅನುಮತಿ ಪಡೆದು ಮುಂದುವರಿಸಬಹುದು, ಅದಕ್ಕೂ ಮಿತಿ ಇದೆ. ವಕೀಲರನ್ನು ಕರೆಸುವ ಹಕ್ಕು ಗಟ್ಟಿಯಾಯಿತು. ವಿಚಾರಣೆಯ ಮಾತು ನಿಧಾನವಾಗಿ ನೋಟ್‌ಬುಕ್ಕಿನಿಂದ ಟೇಪಿಗೆ ಬಂತು. ಇನ್ನು ಮುಂದೆ ಪೊಲೀಸನ ಮಾತೊಂದೇ ಸಾಲದು.

ಧಾರಾವಾಹಿ ಬರೆಯುವವರಿಗೆ ಇದು ವರವಾಯಿತು. ಹೊಡೆದಾಟ ಹೋಗಿ ಮಾತಿನ ಆಟ ಬಂತು. ಮೇಜಿನ ಎರಡು ಬದಿ ನಾಲ್ಕು ಜನ, ನಡುವೆ ತಿರುಗುವ ಟೇಪು. ಆಮೇಲಿನ ಒಳ್ಳೆಯ ಪೊಲೀಸ್ ಧಾರಾವಾಹಿಗಳ ಉಸಿರು ಬಿಗಿಹಿಡಿಸುವ ದೃಶ್ಯಗಳು ಬಹುಪಾಲು ಆ ಕೋಣೆಯವು. ಹೊಸ ಕಾನೂನಿನ ಕಾಲದ ಠಾಣೆಯನ್ನು ದಿನನಿತ್ಯ ತೋರಿಸಿದ್ದು 'ದಿ ಬಿಲ್'. 1984ರಿಂದ 2010ರವರೆಗೆ, 2,400ಕ್ಕೂ ಜಾಸ್ತಿ ಕಂತು! ಬಹುಕಾಲ ಅದಕ್ಕೊಂದು ನಿಯಮವಿತ್ತು. ಪೊಲೀಸ್ ಇರುವಲ್ಲಿಗೆ ಮಾತ್ರ ಕ್ಯಾಮೆರಾ ಹೋಗುತ್ತಿತ್ತು, ಕಳ್ಳ ಒಬ್ಬನೇ ಇರುವ ದೃಶ್ಯವೇ ಇಲ್ಲ. ಪೊಲೀಸನಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಚೆಂದದ ಉಪಾಯ. ಆದರೆ ಗೊತ್ತಿಲ್ಲದೆ ನಮ್ಮನ್ನು ಪೊಲೀಸರ ಕಡೆಗೇ ಕೂರಿಸಿಬಿಡುತ್ತದೆ.

ಹೆಣ್ಣು ಸಾಹೇಬರಾದಾಗ

1980ರ ಏಪ್ರಿಲ್‌ನಲ್ಲಿ ಐಟಿವಿಯ 'ದಿ ಜೆಂಟಲ್ ಟಚ್', ಅದೇ ವರ್ಷ ಕೆಲವು ತಿಂಗಳ ನಂತರ ಬಿಬಿಸಿಯ 'ಜೂಲಿಯೆಟ್ ಬ್ರಾವೊ'. ಎರಡರಲ್ಲೂ ಕಥೆಯ ನಡುಮಧ್ಯೆ ಮಹಿಳಾ ಇನ್‌ಸ್ಪೆಕ್ಟರ್. ಮೊದಲನೆಯದರ ಹೆಸರೇ ಸಾಕು, ಆಗ ಹೆಣ್ಣು ಪೊಲೀಸಿನಿಂದ ಏನು ನಿರೀಕ್ಷೆ ಮಾಡುತ್ತಿದ್ದರು ಅಂತ ತಿಳಿಯಲು.

ದೊಡ್ಡ ಪೆಟ್ಟು ಬಿದ್ದಿದ್ದು ನಾಟಕದಿಂದಲ್ಲ. 1982ರಲ್ಲಿ ರಾಜರ್ ಗ್ರೇಫ್ ಥೇಮ್ಸ್ ವ್ಯಾಲಿ ಪೊಲೀಸರ ಜೊತೆ ಇದ್ದು 'ಪೊಲೀಸ್' ಎಂಬ ಸಾಕ್ಷ್ಯಚಿತ್ರ ಸರಣಿ ಮಾಡಿದ್ದರು. ಅದರ ಒಂದು ಕಂತಿನಲ್ಲಿ ಅತ್ಯಾಚಾರದ ದೂರು ಕೊಡಲು ಬಂದ ಹೆಂಗಸನ್ನು ಮೂವರು ಗಂಡು ಅಧಿಕಾರಿಗಳು ಕಳ್ಳಿಯನ್ನು ಪ್ರಶ್ನಿಸುವಂತೆ ಪ್ರಶ್ನಿಸುತ್ತಾರೆ. ಅವಳು ಹೇಳುವುದನ್ನು ನಂಬದೆ ಗದರುತ್ತಾರೆ. ಕ್ಯಾಮೆರಾ ಎದುರಲ್ಲೇ! ತಾವು ಮಾಡುತ್ತಿರುವುದು ತಪ್ಪು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ದೇಶ ಸಿಟ್ಟಿಗೆದ್ದಿತು, ಇಂಥ ದೂರುಗಳನ್ನು ತೆಗೆದುಕೊಳ್ಳುವ ಕ್ರಮ ಬದಲಾಗತೊಡಗಿತು.

1991ರಲ್ಲಿ ಲಿಂಡಾ ಲಾ ಪ್ಲಾಂಟ್ ಬರೆದ 'ಪ್ರೈಮ್ ಸಸ್ಪೆಕ್ಟ್' ಬಂತು. ಹೆಲೆನ್ ಮಿರೆನ್ ಮಾಡಿದ ಜೇನ್ ಟೆನಿಸನ್‌ಗೆ ಕೊಲೆ ತನಿಖೆ ಸಿಗುವುದು ಅದನ್ನು ನಡೆಸುತ್ತಿದ್ದ ಗಂಡು ಅಧಿಕಾರಿ ಹೃದಯಾಘಾತದಿಂದ ಸತ್ತ ಮೇಲೆ. ತಂಡಕ್ಕೆ ಅವಳು ಬೇಡ. ತನ್ನನ್ನು ಮ್ಯಾಮ್ ಅನ್ನಬೇಡಿ, ಗವರ್ನರ್ ಅನ್ನಿ, ಇಲ್ಲವೇ ಬಾಸ್ ಅನ್ನಿ ಅಂತ ಅವಳೇ ಹೇಳಬೇಕಾಗುತ್ತದೆ. ಈ ಪಾತ್ರಕ್ಕೆ ಮಾದರಿಯಾದವರು ಜ್ಯಾಕಿ ಮಾಲ್ಟನ್ ಎಂಬ ನಿಜವಾದ ಡಿಟೆಕ್ಟಿವ್. ರೀಗನ್ ಕಾಲ ಕಳೆದ ಮೇಲೆ ಅದೇ ಫ್ಲೈಯಿಂಗ್ ಸ್ಕ್ವಾಡಿನಲ್ಲಿ ಕೆಲಸ ಮಾಡಿದ್ದವರು, ಭ್ರಷ್ಟ ಸಹೋದ್ಯೋಗಿಗಳ ವಿರುದ್ಧ ಮಾತಾಡಿದವರು. ಟೆನಿಸನ್ ಕಥೆಯಲ್ಲಿ ನನಗೆ ಹಿಡಿಸುವುದು ಅವಳನ್ನು ದೇವತೆ ಮಾಡದಿರುವುದು. ಗೆಲ್ಲಲು ಅವಳೂ ಒರಟಾಗುತ್ತಾಳೆ. ಜೊತೆಯಲ್ಲಿದ್ದವನು ಬಿಟ್ಟು ಹೋಗುತ್ತಾನೆ. 2006ರ ಕೊನೆಯ ಕಥೆಯಲ್ಲಿ ಕುಡಿತ ಅವಳನ್ನು ತಿಂದು ಹಾಕಿರುತ್ತದೆ.

ಟಿವಿ ಎಡವಿದ ಜಾಗ

ಬಣ್ಣದ ವಿಷಯದಲ್ಲಿ ಬ್ರಿಟಿಷ್ ಟಿವಿಗೆ ಇಷ್ಟು ಧೈರ್ಯ ಬರಲಿಲ್ಲ. ಯುದ್ಧದ ನಂತರ ಲಂಡನ್ ಪೊಲೀಸಿಗೆ ಸೇರಿದ ಮೊದಲ ಕಪ್ಪು ಅಧಿಕಾರಿ ನಾರ್ವೆಲ್ ರಾಬರ್ಟ್ಸ್, 1967ರಲ್ಲಿ. ಸಹೋದ್ಯೋಗಿಗಳಿಂದಲೇ ಅವರು ತಿಂದ ಬೈಗುಳ, ಅವಮಾನಗಳನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. 1981ರಲ್ಲಿ ಐಟಿವಿಯ 'ವೋಲ್ಕಾಟ್'ನಲ್ಲಿ ಕಪ್ಪು ಡಿಟೆಕ್ಟಿವ್ ನಾಯಕನಾದ. ಅದೇ ವರ್ಷ ಬಿಬಿಸಿಯಲ್ಲಿ 'ದಿ ಚೈನೀಸ್ ಡಿಟೆಕ್ಟಿವ್'. ಅದೇ ವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆ ಹೊತ್ತಿ ಉರಿಯಿತು. ಬೀದಿಯಲ್ಲಿ ಕಪ್ಪು ಹುಡುಗರನ್ನು ತಡೆದು ಜೇಬು ತಡಕುವ ಪೊಲೀಸರ ಮೇಲಿನ ಸಿಟ್ಟು ಅದು. ಆದರೆ ಆ ಎರಡು ಪ್ರಯತ್ನಗಳೂ ಬೇಗ ಮುಗಿದವು, ಸಾಲು ಮುಂದುವರಿಯಲಿಲ್ಲ.

1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಸ್ ಸ್ಟಾಪಿನ ಬಳಿ ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸರ ತನಿಖೆ ಹಾಳಾಯಿತು. 1999ರ ಮ್ಯಾಕ್‌ಫರ್ಸನ್ ವರದಿ ಮೆಟ್ರೊಪಾಲಿಟನ್ ಪೊಲೀಸ್ ಸಂಸ್ಥೆಯೊಳಗೇ ಜನಾಂಗಭೇದ ಬೇರೂರಿದೆ ಎಂದಿತು. ಇಬ್ಬರಿಗೆ ಶಿಕ್ಷೆಯಾಗಿದ್ದು 2012ರಲ್ಲಿ. ಈ ಕೇಸಿನ ಮೇಲೆ 1999ರಲ್ಲೇ ಐಟಿವಿ ಒಂದು ಗಟ್ಟಿ ಚಿತ್ರ ಮಾಡಿತು. ಆದರೆ ವಾರವಾರ ಬರುವ ಪೊಲೀಸ್ ಧಾರಾವಾಹಿಗಳು ಉತ್ತರ ಹುಡುಕಿದ್ದು ಕಥೆಯಲ್ಲಲ್ಲ, ನಟರ ಆಯ್ಕೆಯಲ್ಲಿ. 2010ರ 'ಲೂಥರ್'ನಲ್ಲಿ ಇಡ್ರಿಸ್ ಎಲ್ಬಾ ಅದ್ಭುತವಾಗಿದ್ದಾರೆ. ಆದರೆ ಕಪ್ಪು ಮನುಷ್ಯನೊಬ್ಬ ಆ ಪೊಲೀಸಿನಲ್ಲಿ ಇರುವುದು ಹೇಗಿರುತ್ತದೆ ಎಂಬ ಮಾತನ್ನು ಕಥೆ ಮುಟ್ಟುವುದೇ ಕಡಿಮೆ. ಲೂಥರ್‌ಗೆ ಕಪ್ಪು ಗೆಳೆಯರೇ ಇಲ್ಲ ಅಂತ 2021ರಲ್ಲಿ ಬಿಬಿಸಿಯ ಅಧಿಕಾರಿಯೊಬ್ಬರೇ ಹೇಳಿ ಚರ್ಚೆ ಎಬ್ಬಿಸಿದರು. 2022ರ 'ಡಿಐ ರೇ'ಯಲ್ಲಿ ಪರ್ಮಿಂದರ್ ನಾಗ್ರಾ ಮಾಡಿದ ರಚಿತಾ ರೇ ಕೊಲೆ ತನಿಖಾ ದಳಕ್ಕೆ ಬಡ್ತಿ ಸಿಕ್ಕಿತೆಂದು ಖುಷಿಪಡುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಕರೆಸಿದ್ದು ಅವಳ ಚರ್ಮದ ಬಣ್ಣ ನೋಡಿ, ಸತ್ತವನು ಏಷ್ಯಾ ಮೂಲದವನು ಅಂತ. ಮರ್ಯಾದೆ ಕೊಲೆಯೇ ಇರಬೇಕು ಅಂತ ಮೇಲಿನವರು ಮೊದಲೇ ತೀರ್ಮಾನಿಸಿ ಕೂತಿರುತ್ತಾರೆ. ಈ ಕಥೆ ಬರಲು ಇಷ್ಟು ವರ್ಷ ಬೇಕಾಯಿತು.

ಹಳೆಯ ಕಾಲಕ್ಕೆ ಓಟ

ಇದರ ಪಕ್ಕದಲ್ಲೇ ಇನ್ನೊಂದು ಹೊಳೆ ಹರಿಯುತ್ತಿತ್ತು. ಆಕ್ಸ್‌ಫರ್ಡಿನ ಹಳೆಯ ಕಾಲೇಜುಗಳು, ಕೆಂಪು ಜ್ಯಾಗ್ವಾರ್, ಒಪೆರಾ ಸಂಗೀತ: 1987ರ 'ಇನ್‌ಸ್ಪೆಕ್ಟರ್ ಮೋರ್ಸ್'. ನಟ ಅದೇ ಜಾನ್ ಥಾ! ಹತ್ತು ವರ್ಷದ ಹಿಂದೆ ಗೋದಾಮುಗಳಲ್ಲಿ ಕಳ್ಳರಿಗೆ ಬಾರಿಸುತ್ತಿದ್ದವರು ಈಗ ಪದಬಂಧ ತುಂಬುತ್ತಾ ಕೊಲೆ ಬಿಡಿಸುತ್ತಿದ್ದರು. 'ಹಾರ್ಟ್‌ಬೀಟ್' 1960ರ ದಶಕದ ಯಾರ್ಕ್‌ಶೈರ್ ಹಳ್ಳಿಗೆ ಕರೆದೊಯ್ದಿತು. 'ಮಿಡ್‌ಸಮರ್ ಮರ್ಡರ್ಸ್'ನಲ್ಲಿ ಹೂತೋಟದ ಹಳ್ಳಿಗಳಲ್ಲಿ ಸಾಲುಸಾಲು ಹೆಣ ಬೀಳುತ್ತವೆ, ಆದರೂ ಯಾರಿಗೂ ಬೇಜಾರಿಲ್ಲ. 2011ರಲ್ಲಿ ಅದರ ನಿರ್ಮಾಪಕರು, ನಮ್ಮಲ್ಲಿ ಬೇರೆ ಜನಾಂಗದವರಿಲ್ಲ, ಇದು ಇಂಗ್ಲಿಷ್‌ತನದ ಕೊನೆಯ ಕೋಟೆ ಎಂಬರ್ಥದ ಮಾತಾಡಿ ಅಮಾನತಾದರು. ಬೇರೆಯವರು ಬಾಯಿ ಬಿಟ್ಟು ಹೇಳದ್ದನ್ನು ಅವರು ಹೇಳಿಬಿಟ್ಟರು, ಅಷ್ಟೇ.

2006ರ 'ಲೈಫ್ ಆನ್ ಮಾರ್ಸ್' ಈ ಹಳೆಯ ಕಾಲದ ಹಂಬಲವನ್ನೇ ಕಥೆ ಮಾಡಿಕೊಂಡಿತು. ಇಂದಿನ ಮ್ಯಾಂಚೆಸ್ಟರ್ ಪೊಲೀಸ್ ಅಧಿಕಾರಿ ಅಪಘಾತವಾಗಿ ಎದ್ದು ನೋಡಿದರೆ 1973. ಎದುರಿಗೆ ಅವನ ಹೊಸ ಸಾಹೇಬ ಜೀನ್ ಹಂಟ್: ಕುಡುಕ, ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವವನು, ಸುಳ್ಳು ಸಾಕ್ಷಿ ಇಡುವವನು, ಹೊಡೆಯುವವನು. ಪೇಸ್ ಕಲಿತ ಅಧಿಕಾರಿ ಟೇಪ್ ಹಾಕಬೇಕು ಅಂದರೆ ಹಂಟ್‌ಗೆ ನಗು. ಬರೆದವರು ಅವನನ್ನು ಅಣಕಿಸಲು ಹೊರಟಿದ್ದಿರಬಹುದು, ನೋಡಿದವರು ಅವನನ್ನೇ ಪ್ರೀತಿಸಿದರು.

ಎಸಿ-12

ಪೊಲೀಸರನ್ನು ಹಿಡಿಯುವ ಪೊಲೀಸರ ಕಥೆ 1992ರಲ್ಲೇ 'ಬಿಟ್ವೀನ್ ದ ಲೈನ್ಸ್' ಆಗಿ ಬಂದಿತ್ತು. ಕಾಲವೂ ಹಾಗಿತ್ತು. ಐಆರ್‌ಎ ಎಂಬ ಐರಿಷ್ ಸಶಸ್ತ್ರ ಸಂಘಟನೆಯ ಬಾಂಬ್ ಸ್ಫೋಟಗಳ ಕೇಸಿನಲ್ಲಿ 15, 16 ವರ್ಷ ಜೈಲಿನಲ್ಲಿ ಕೊಳೆತ ಗಿಲ್ಡ್‌ಫರ್ಡಿನ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಮಿನ ಆರು ಮಂದಿ 1991ರಲ್ಲಿ ಹೊರಗೆ ಬಂದಿದ್ದರು. ಪೊಲೀಸರು ಬರೆದುಕೊಂಡ ವಿಚಾರಣೆಯ ಟಿಪ್ಪಣಿಗಳನ್ನು ನಂಬುವಂತಿಲ್ಲ ಅಂತ ಸಾಬೀತಾಗಿತ್ತು. ಡಿಕ್ಸನ್‌ನ ಮಾತಿನ ಬೆಲೆ ಅಲ್ಲಿಗೆ ಮುಗಿಯಿತು.

ಜೆಡ್ ಮರ್ಕ್ಯುರಿಯೊ ಬರೆದ 'ಲೈನ್ ಆಫ್ ಡ್ಯೂಟಿ' 2012ರಲ್ಲಿ ಶುರುವಾಗುವುದು ತಪ್ಪು ಮನೆಗೆ ನುಗ್ಗಿ ಅಮಾಯಕನನ್ನು ಗುಂಡಿಟ್ಟು ಕೊಂದ ಪೊಲೀಸರಿಂದ. 2005ರಲ್ಲಿ ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಭಯೋತ್ಪಾದಕನೆಂದು ತಿಳಿದು ಪೊಲೀಸರು ಕೊಂದ ಬ್ರೆಜಿಲ್‌ನ ಝಾನ್ ಷಾರ್ಲಿಸ್ ಡಿ ಮೆನೆಜೆಸ್ ನೆನಪಾಗದೇ ಇರದು. ಎಲ್ಲರೂ ಒಂದೇ ಸುಳ್ಳು ಹೇಳೋಣ ಅಂತ ಸಾಹೇಬರು ಹೇಳಿದಾಗ ಆ ತಂಡದ ಅಧಿಕಾರಿ ಸ್ಟೀವ್ ಆರ್ನಟ್ ಒಪ್ಪುವುದಿಲ್ಲ. ಅವನನ್ನು ಟೆಡ್ ಹೇಸ್ಟಿಂಗ್ಸ್ ತನ್ನ ಎಸಿ-12 ಎಂಬ ಭ್ರಷ್ಟಾಚಾರ ವಿರೋಧಿ ದಳಕ್ಕೆ ಕರೆದುಕೊಳ್ಳುತ್ತಾನೆ.

ಈ ಧಾರಾವಾಹಿಯ ಪ್ರಾಣ ಗಾಜಿನ ಗೋಡೆಯ ವಿಚಾರಣಾ ಕೋಣೆ. ರೆಕಾರ್ಡರ್ ಒತ್ತಿದರೆ ಬೀಪ್ ಅಂತ ಉದ್ದ ಶಬ್ದ. ಅದು ನಿಲ್ಲುವವರೆಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಇಪ್ಪತ್ತು ನಿಮಿಷದವರೆಗೂ ಹೋಗುವ ಪ್ರಶ್ನೋತ್ತರ. ಒಂದು ಗುಂಡಿಲ್ಲ, ಒಂದು ಓಟವಿಲ್ಲ, ಎದ್ದು ನೀರು ಕುಡಿಯಲೂ ಮನಸ್ಸಾಗದು. ಈಗ ಮೇಜಿನ ಎರಡೂ ಬದಿಯಲ್ಲಿ ಕೂತವರು ಪೊಲೀಸರೇ. ಟೇಪಿನ ನಿಯಮ ಎಲ್ಲಿ ಸಡಿಲ ಅಂತ ಇಬ್ಬರಿಗೂ ಗೊತ್ತು.

ಆರನೇ ಸರಣಿ 2021ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ತಿಂಗಳ ಮೊದಲ ವಾರ ಲಂಡನ್ನಿನಲ್ಲಿ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಲಂಡನ್ ಪೊಲೀಸಿನಲ್ಲೇ ನೌಕರಿಯಲ್ಲಿದ್ದ ಅಧಿಕಾರಿಯೊಬ್ಬ ತನ್ನ ಗುರುತಿನ ಚೀಟಿ ತೋರಿಸಿ, ಸುಳ್ಳು ಬಂಧನ ಮಾಡಿ, ಕರೆದೊಯ್ದು ಕೊಂದಿದ್ದ. ಮೇ 2ರ ಕೊನೆಯ ಕಂತನ್ನು 1.28 ಕೋಟಿ ಜನ ನೋಡಿದರು. ವರ್ಷಗಟ್ಟಲೆ ಹುಡುಕಿದ ದೊಡ್ಡ ಖಳ ಯಾರು? ಬಕೆಲ್ಸ್ ಎಂಬ ಪೆದ್ದು ಅಧಿಕಾರಿ. ಕೆಲಸ ಬಾರದೆ, ಕಣ್ಣು ಮುಚ್ಚಿಕೊಂಡೇ ಬಡ್ತಿ ಪಡೆದವನು. ಬಹಳ ಜನ ಬೈದುಕೊಂಡರು, ಇಷ್ಟೇನಾ ಅಂತ. ನನಗೆ ಅದು ಸರಿಯಾದ ಉತ್ತರ ಅನ್ನಿಸಿತು. ಅದಾಗಿ ಆರು ವಾರಕ್ಕೆ, ಡೇನಿಯಲ್ ಮಾರ್ಗನ್ ಎಂಬ ಖಾಸಗಿ ಪತ್ತೇದಾರನ 1987ರ ಕೊಲೆಯ ಬಗ್ಗೆ ಸ್ವತಂತ್ರ ಸಮಿತಿಯ ವರದಿ ಬಂತು. ತನ್ನ ಹೆಸರು ಕಾಪಾಡಿಕೊಳ್ಳಲು ತಪ್ಪುಗಳನ್ನು ಮುಚ್ಚಿಡುವುದೂ ಸಾಂಸ್ಥಿಕ ಭ್ರಷ್ಟಾಚಾರದ ಒಂದು ರೂಪವೇ ಅಂತ ಅದು ಮೆಟ್ರೊಪಾಲಿಟನ್ ಪೊಲೀಸರಿಗೆ ಹೇಳಿತು.

ಆದರೂ ಒಂದು ತಕರಾರು ಇದೆ. ಎಷ್ಟೇ ಕಟುವಾಗಿರಲಿ, 'ಲೈನ್ ಆಫ್ ಡ್ಯೂಟಿ' ಸಮಾಧಾನ ಹೇಳುವ ಕಥೆ. ಎಲ್ಲೋ ಒಂದು ಆಫೀಸಿನಲ್ಲಿ ಹೇಸ್ಟಿಂಗ್ಸ್ ಥರದವನು ಕೂತಿದ್ದಾನೆ, ಯಾರಿಗೂ ಬಗ್ಗುವುದಿಲ್ಲ ಅಂತ ಅದು ನಂಬಿಸುತ್ತದೆ. ಅವನು ಟೈ ಕಟ್ಟಿದ ಡಿಕ್ಸನ್. 2023ರಲ್ಲಿ ಲೂಯಿಸ್ ಕೇಸಿ ಅವರ ವರದಿ ಮೆಟ್ರೊಪಾಲಿಟನ್ ಪೊಲೀಸರಲ್ಲಿ ಜನಾಂಗಭೇದ, ಸ್ತ್ರೀದ್ವೇಷ, ಸಲಿಂಗಿಗಳ ದ್ವೇಷ ಸಂಸ್ಥೆಯ ಮಟ್ಟದಲ್ಲೇ ಇದೆ ಎಂದಿತು. ಅಲ್ಲಿ ಯಾವ ಎಸಿ-12 ಬಂದು ಕಾಪಾಡಿರಲಿಲ್ಲ.

ಮತ್ತೆ ಬೀದಿಗೆ

ಈಚಿನ ಒಳ್ಳೆಯ ಕಥೆಗಳು ಡಿಟೆಕ್ಟಿವ್‌ಗಳನ್ನು ಬಿಟ್ಟು ಯೂನಿಫಾರ್ಮ್ ಹಾಕಿದವರ ಕಡೆ ತಿರುಗಿವೆ. ಸ್ಯಾಲಿ ವೇನ್‌ರೈಟ್ ಬರೆದ 'ಹ್ಯಾಪಿ ವ್ಯಾಲಿ'ಯಲ್ಲಿ ಕ್ಯಾಥರೀನ್ ಕೇವುಡ್ ಯಾರ್ಕ್‌ಶೈರಿನ ಕಣಿವೆಯ ಸಾರ್ಜೆಂಟ್. ಮೊದಲ ದೃಶ್ಯದಲ್ಲೇ ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೊರಟ ಹುಡುಗನ ಎದುರು ನಿಂತು, ತನ್ನ ಬಗ್ಗೆ ಹೇಳಿಕೊಳ್ಳುತ್ತಾಳೆ: ವಿಚ್ಛೇದನವಾಗಿದೆ, ತಂಗಿ ಡ್ರಗ್ಸ್ ಬಿಟ್ಟವಳು, ಒಂದು ಮಗು ಸತ್ತಿದೆ, ಇನ್ನೊಂದು ಮಾತಾಡಿಸುವುದಿಲ್ಲ. ಅವಳಿಗೆ ಊರಿನವರ ಹೆಸರೆಲ್ಲ ಗೊತ್ತು. ಡಿಕ್ಸನ್‌ಗೂ ಗೊತ್ತಿತ್ತು. ಆದರೆ ಇವಳಿಗೆ ಅದು ಭಾರ.

2010ರ ನಂತರದ ಖರ್ಚು ಕಡಿತದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 20,000 ಪೊಲೀಸರು ಕಡಿಮೆಯಾದರು. ಆಸ್ಪತ್ರೆ, ಸಮಾಜ ಕಲ್ಯಾಣದವರು ಮಾಡಬೇಕಾದ ಕೆಲಸವೂ ಉಳಿದವರ ತಲೆಗೆ ಬಂತು. 2022ರ 'ದಿ ರೆಸ್ಪಾಂಡರ್' ಬರೆದವರು ಲಿವರ್‌ಪೂಲಿನ ಮಾಜಿ ಪೊಲೀಸ್ ಟೋನಿ ಶೂಮಾಕರ್. ಮಾರ್ಟಿನ್ ಫ್ರೀಮನ್ ಮಾಡಿದ ಕ್ರಿಸ್ ರಾತ್ರಿಯಿಡೀ ಒಬ್ಬನೇ ಕಾರು ಓಡಿಸುತ್ತಾನೆ. ಒಂದು ಕರೆಗೆ ಹೋದರೆ ಹೆಣ, ಇನ್ನೊಂದಕ್ಕೆ ಮನಸ್ಸು ಕೆಟ್ಟವರು, ಮತ್ತೊಂದಕ್ಕೆ ಕುಡಿದವರು. 'ಝಡ್ ಕಾರ್ಸ್'ನ ಜೋಡಿಯಲ್ಲಿ ಈಗ ಒಬ್ಬನೇ ಉಳಿದಿದ್ದಾನೆ, ಅವನೂ ಒಡೆದುಹೋಗುತ್ತಿದ್ದಾನೆ.

ಇನ್ನು 'ಬ್ಲೂ ಲೈಟ್ಸ್', 2023ರಿಂದ. ಇದು ಬೆಲ್‌ಫಾಸ್ಟಿನ ಕಥೆ, ಬರೆದವರು ಇಬ್ಬರು ಮಾಜಿ ಪತ್ರಕರ್ತರು. ನಮ್ಮ 1861ರ ಕಾಯ್ದೆಗೆ ಮಾದರಿಯಾದ ಐರಿಷ್ ಪೊಲೀಸ್ ಪಡೆ 1922ರಲ್ಲಿ ಮುಚ್ಚಿತು. ಉತ್ತರ ಐರ್ಲೆಂಡಿನಲ್ಲಿ ಅದರ ಜಾಗಕ್ಕೆ ಬಂದ ಪಡೆಯನ್ನು ಕ್ಯಾಥೊಲಿಕ್ ಜನರು ಎಂದೂ ತಮ್ಮದೆಂದು ಒಪ್ಪಲಿಲ್ಲ. ಶಾಂತಿ ಒಪ್ಪಂದದ ನಂತರ, 2001ರಲ್ಲಿ, ಹೆಸರು, ಚಿಹ್ನೆ, ಭರ್ತಿ ಮಾಡುವ ಕ್ರಮ ಎಲ್ಲ ಬದಲಿಸಿದರು. ಅಂದರೆ ಒಪ್ಪಿಗೆಯ ಪೊಲೀಸನ್ನು ಅಲ್ಲಿ ಈಗ ಮೊದಲಿನಿಂದ ಕಟ್ಟುತ್ತಿದ್ದಾರೆ. ಗ್ರೇಸ್ ಎಂಬ ನಡುವಯಸ್ಸಿನ ತಾಯಿ ಸಮಾಜ ಕಲ್ಯಾಣದ ಕೆಲಸ ಬಿಟ್ಟು ಹೊಸದಾಗಿ ಪೊಲೀಸ್ ಸೇರಿದ್ದಾಳೆ. ಸೊಂಟದಲ್ಲಿ ಪಿಸ್ತೂಲು. ಏನು ಕೆಲಸ ಮಾಡುತ್ತೀರಿ ಅಂತ ಅಕ್ಕಪಕ್ಕದವರು ಕೇಳಿದರೆ ಇಲ್ಲಿನ ಪೊಲೀಸರು ನಿಜ ಹೇಳುವಂತಿಲ್ಲ. ಬೆಳಿಗ್ಗೆ ಕಾರು ಹತ್ತುವ ಮೊದಲು ಬಗ್ಗಿ, ಕೆಳಗೆ ಬಾಂಬ್ ಇದೆಯೇ ಅಂತ ನೋಡಬೇಕು.